ಶುಶ್ರೂಷಾ ವಿದ್ಯಾರ್ಥಿನಿಯ ಟಿಪ್ಪಣಿಗಳು

ಶುಶ್ರೂಷಾ ವಿದ್ಯೆಯನ್ನು ಕಲಿಯುವವರು ತಮ್ಮ ತರಗತಿಯ ಟಿಪ್ಪಣಿಗಳನ್ನೂ ಅಧ್ಯಾಪಕರು ಹಂಚುವ ಅಚ್ಚಿನ ಹಾಳೆಗಳನ್ನೂ ಹೇಗೆ ಜೋಡಿಸಿಟ್ಟುಕೊಳ್ಳಬೇಕು ಎಂಬ ವಿಷಯವಾಗಿ ಈ ಸಂಜೆ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಇಷ್ಟು ಸಣ್ಣ ಸಂಗತಿಗೆ ಒಂದು ಭಾಷಣವೇ ಎಂದು ಕೆಲವರಿಗೆ ತೋರಬಹುದು. ನಾವು ವೈದ್ಯರಲ್ಲ, ನರ್ಸುಗಳೂ ಅಲ್ಲ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠವನ್ನು ಹೇಳಿಕೊಂಡು ಬಂದವರು. ಆದರೆ ಕಾಗದದ ರಾಶಿಯೊಳಗೆ ಬೇಕಾದ ಹಾಳೆ ಸಿಕ್ಕದೆ ಪರದಾಡುವ ವಿದ್ಯಾರ್ಥಿಗಳನ್ನು ನಾವು ನೋಡಿರುವಷ್ಟು ವೈದ್ಯರೂ ನೋಡಿರಲಾರರು. ಇಲ್ಲಿ ಬರುವ ಔಷಧಗಳ ಸಂಗತಿಯನ್ನು ಮಾತ್ರ, ತಿಳಿದವರನ್ನು ಕೇಳಿ, ಪುಸ್ತಕಗಳೊಡನೆ ಹೋಲಿಸಿ ನೋಡಿಯೇ ಹೇಳುತ್ತಿದ್ದೇವೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಮಾಡುವವರಿಗೆ ಈ ವಿದ್ಯಾರ್ಥಿನಿಯರು ಅಪರಿಚಿತರಲ್ಲ. ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ಮಗ್ಗುಲುಗಳಲ್ಲಿ ಶುಶ್ರೂಷಾ ಕಾಲೇಜುಗಳು ಹಲವು ಉಂಟು. ಬೆಳಗ್ಗೆ ಏಳು ಗಂಟೆಗೆ ವಿಜಯನಗರದ ಬಸ್ಸು ನಿಲ್ಲುವ ಸ್ಥಳದಲ್ಲಾಗಲಿ, ಕೆಂಗೇರಿಯ ಮೆಟ್ರೋ ನಿಲ್ದಾಣದಲ್ಲಾಗಲಿ ನಿಂತು ನೋಡಿದರೆ, ಬಿಳಿಯ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು, ಬೆನ್ನಿನ ಚೀಲದಲ್ಲಿ ಹಿಡಿಸದ ಕಡತವೊಂದನ್ನು ಎದೆಗವಚಿಕೊಂಡು ನಿಂತಿರುವ ಹುಡುಗಿಯರನ್ನು ಕಾಣಬಹುದು. ಹುಡುಗರೂ ಈ ವಿದ್ಯೆಗೆ ಬರುತ್ತಾರೆ. ಮಾತಿನ ಸೌಕರ್ಯಕ್ಕಾಗಿ ವಿದ್ಯಾರ್ಥಿನಿ ಎಂದೇ ಹೇಳುತ್ತೇವೆ, ಅವರು ಮನ್ನಿಸಬೇಕು. ಹಾವೇರಿಯಿಂದ, ರಾಯಚೂರಿನಿಂದ, ಕೇರಳದಿಂದ, ಈಶಾನ್ಯದ ಗುಡ್ಡಗಾಡುಗಳಿಂದ ಬಂದವರು ಇವರಲ್ಲಿದ್ದಾರೆ. ಎದೆಗವಚಿಕೊಂಡ ಆ ಕಡತದಲ್ಲಿ ಏನಿದೆಯೆಂಬುದೇ ನಮ್ಮ ವಿಷಯ.

ಬಸವೇಶ್ವರನಗರದಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಇಂಥ ಇಬ್ಬರು ವಿದ್ಯಾರ್ಥಿನಿಯರು ಬಾಡಿಗೆಗೆ ಇದ್ದರು. ಅವರಲ್ಲಿ ಒಬ್ಬಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು. ಆಸ್ಪತ್ರೆಯಲ್ಲಿ ತಾನು ನೋಡಿಕೊಂಡ ರೋಗಿಯ ವಿಚಾರವಾಗಿ ಬರೆದು ಒಪ್ಪಿಸಬೇಕಾದ ವರದಿಯಲ್ಲಿ ಇಂಗ್ಲಿಷನ್ನು ತಿದ್ದಿಕೊಡಬೇಕೆಂದು ಒಂದು ಸಂಜೆ ಕೆಳಗಿಳಿದು ಬಂದಳು. ತಿದ್ದುವುದಕ್ಕೆ ಹೆಚ್ಚೇನೂ ಇರಲಿಲ್ಲ. ಆದರೆ ಹುಡುಗಿಯ ಮುಖ ಬಾಡಿತ್ತು. ಏನೆಂದು ಕೇಳಿದಾಗ ಅಂದು ವಾರ್ಡಿನಲ್ಲಿ ನಡೆದುದನ್ನು ಹೇಳಿದಳು.

ಹೃದಯದ ಶಕ್ತಿ ಕುಂದಿ ಕಾಲು ಊದಿಕೊಂಡು ಬಂದಿದ್ದ ಒಬ್ಬ ಮುದುಕರು ಅವಳ ಪಾಲಿನ ರೋಗಿ. ಅವರಿಗೆ ಎರಡು ಔಷಧಗಳು ನಡೆಯುತ್ತಿದ್ದವು: ಹೃದಯದ ಬಡಿತಕ್ಕೆ ಬಲ ಕೊಡುವ ಡಿಗಾಕ್ಸಿನ್, ಮೈಯಲ್ಲಿ ನಿಂತ ನೀರನ್ನು ಮೂತ್ರದ ಮೂಲಕ ಹೊರಡಿಸುವ ಫ್ಯೂರೊಸೆಮೈಡ್. ಬೆಳಗ್ಗೆ ಅವರು, "ಎರಡು ದಿವಸದಿಂದ ಊಟವೇ ಸೇರ್ತಿಲ್ಲಮ್ಮ" ಎಂದರಂತೆ. ಇವಳು, "ಸ್ವಲ್ಪ ಗಂಜಿ ಕುಡೀರಿ ತಾತ" ಎಂದು ಹೇಳಿ, ಆಹಾರ ಕಡಮೆ ಸೇವಿಸಿದರೆಂದು ಹಾಳೆಯಲ್ಲಿ ಬರೆದು ಮುಂದಕ್ಕೆ ಹೋದಳು. ಅದೇ ಮಾತು ಹಿರಿಯ ನರ್ಸೊಬ್ಬರ ಕಿವಿಗೆ ಬಿತ್ತು. ಅವರು ಮಾತ್ರೆಯ ತಟ್ಟೆಯನ್ನು ಬದಿಗಿಟ್ಟು, ಮುದುಕರ ಎದೆಗೆ ಸ್ಟೆಥಾಸ್ಕೋಪನ್ನು ಹಿಡಿದು, ಗಡಿಯಾರವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಬಡಿತವನ್ನು ಎಣಿಸಿದರು. ಅದು ೬೦ಕ್ಕಿಂತ ಕೆಳಗಿತ್ತು. "ತಾತ, ದೀಪದ ಸುತ್ತ ಹಳದಿಯಾಗಿ ಏನಾದರೂ ಕಾಣುತ್ತದೆಯೇ?" ಎಂದು ಕೇಳಿದರು. ಬಳಿಕ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆಯೆಂದು ವರದಿಯನ್ನು ತಿರುವಿ ನೋಡಿ, ಆ ಹೊತ್ತಿನ ಮಾತ್ರೆಯನ್ನು ಕೊಡದೆ ವೈದ್ಯರಿಗೆ ತಿಳಿಸಿದರು. ಮುದುಕರಿಗೆ ಏನೂ ಅಪಾಯವಾಗಲಿಲ್ಲ. ಹುಡುಗಿಯನ್ನು ಯಾರೂ ಗದರಿಸಲೂ ಇಲ್ಲ. ಆದರೆ ಮನೆಗೆ ಬಂದು ತನ್ನ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದುಕೊಂಡು ಹುಡುಕಿದಾಗ ಅವಳಿಗೆ ಕಂಡದ್ದು ಬೇರೊಂದು ಸಂಗತಿ. ಆ ನರ್ಸು ಮಾಡಿದ ಪ್ರತಿಯೊಂದು ಕೆಲಸದ ಕಾರಣವೂ ಅವಳ ಟಿಪ್ಪಣಿಗಳಲ್ಲಿ, ಅವಳದೇ ಕೈಬರಹದಲ್ಲಿ, ಇತ್ತು!

ಎಲ್ಲಿ ಎಲ್ಲಿ ಇತ್ತು ಎಂಬುದನ್ನು ಕೇಳಿರಿ. ಹೃದಯದ ಬಡಿತವು ಎಲ್ಲಿ ಹುಟ್ಟಿ ಹೇಗೆ ಹರಿಯುತ್ತದೆಂಬುದು ಮೊದಲನೆಯ ಸೆಮಿಸ್ಟರಿನ ಶರೀರಕ್ರಿಯಾಶಾಸ್ತ್ರದ ಪುಸ್ತಕದಲ್ಲಿ. ಎದೆಯ ಮೇಲೆಯೇ ಬಡಿತವನ್ನು ಎಣಿಸುವ ಕ್ರಮ ಅದೇ ಸೆಮಿಸ್ಟರಿನ ಶುಶ್ರೂಷೆಯ ಮೂಲತತ್ತ್ವಗಳೆಂಬ ಪಾಠದಲ್ಲಿ. ಪೊಟ್ಯಾಸಿಯಂ ಯಾವ ಆಹಾರದಲ್ಲಿ ಉಂಟೆಂಬುದು ಎರಡನೆಯ ಸೆಮಿಸ್ಟರಿನ ಆಹಾರಶಾಸ್ತ್ರದಲ್ಲಿ. ಡಿಗಾಕ್ಸಿನ್ ಮೈಯಲ್ಲಿ ಮಿತಿಮೀರಿದರೆ ಮೊದಲು ತೋರುವುದು ಊಟ ಸೇರದಿರುವುದು, ವಾಕರಿಕೆ, ಕಣ್ಣಿಗೆ ಹಳದಿಯೋ ಹಸಿರೋ ಆಗಿ ಕಾಣುವುದು ಎಂಬುದು ಮೂರನೆಯ ಸೆಮಿಸ್ಟರಿನ ಔಷಧಶಾಸ್ತ್ರದ ಒಂದು ಜೆರಾಕ್ಸ್ ಹಾಳೆಯಲ್ಲಿ. ಫ್ಯೂರೊಸೆಮೈಡ್ ನೀರಿನೊಡನೆ ಪೊಟ್ಯಾಸಿಯಮನ್ನೂ ಹೊರಹಾಕುತ್ತದೆ, ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ನಿನ ವಿಷ ಬೇಗ ಏರುತ್ತದೆ ಎಂಬುದು ಅದೇ ಸೆಮಿಸ್ಟರಿನ ವಯಸ್ಕರ ಶುಶ್ರೂಷೆಯ ಪಾಠದಲ್ಲಿ, ಅದೂ ಅಂಚಿನಲ್ಲಿ. ಅಂತೂ ಐದು ಸ್ಥಳ. ಐದರಲ್ಲಿ ಯಾವುದೂ ಇನ್ನೊಂದನ್ನು ಅರಿಯದು.

ಇದು ಆ ಹುಡುಗಿಯೊಬ್ಬಳ ದೋಷವೆಂದು ಹೇಳಲಾಗದು. ಭಾರತೀಯ ಶುಶ್ರೂಷಾ ಪರಿಷತ್ತು ೨೦೨೧ರಲ್ಲಿ ಪ್ರಕಟಿಸಿದ ನಿಬಂಧನೆಗಳ ಮೇರೆಗೆ ಬಿ.ಎಸ್ಸಿ. ನರ್ಸಿಂಗ್ ವ್ಯಾಸಂಗವು ನಾಲ್ಕು ವರ್ಷಗಳಲ್ಲಿ ಎಂಟು ಸೆಮಿಸ್ಟರುಗಳಾಗಿ ಹಂಚಿದೆ. ಈ ರಾಜ್ಯದಲ್ಲಿ ಅದರ ಪರೀಕ್ಷೆಗಳನ್ನು ನಡೆಯಿಸುವುದು ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಪಾಠವನ್ನು ಹೇಳುವುದಕ್ಕೆ ಶಾಸ್ತ್ರವನ್ನು ಭಾಗಮಾಡಲೇಬೇಕು, ಬೇರೆ ಉಪಾಯವಿಲ್ಲ. ವಿದ್ಯಾರ್ಥಿನಿಯೂ ಸಹಜವಾಗಿ ವೇಳಾಪಟ್ಟಿಯಂತೆಯೇ, ವಿಷಯಕ್ಕೊಂದು ಪುಸ್ತಕವಾಗಿ, ದಿನಾಂಕದ ಕ್ರಮದಲ್ಲಿ ಟಿಪ್ಪಣಿಗಳನ್ನು ಬರೆಯುತ್ತಾಳೆ. ಪರೀಕ್ಷೆಯೂ ವಿಷಯಕ್ಕೊಂದೊಂದಾಗಿಯೇ ಬರುವುದರಿಂದ ಈ ಕ್ರಮವು ಅಲ್ಲಿಯವರೆಗೆ ಸಾಗುತ್ತದೆ. ಆದರೆ ರೋಗಿಯು ವಿಷಯವಾರು ನರಳುವುದಿಲ್ಲ. ಅವನು ಬಂದು "ಊಟ ಸೇರದು" ಎನ್ನುತ್ತಾನೆ. ಆ ಎರಡು ಶಬ್ದಗಳ ಉತ್ತರ ಮೂರು ಸೆಮಿಸ್ಟರುಗಳಲ್ಲಿ ಚೆದರಿಬಿದ್ದಿರುತ್ತದೆ.

ಹಾಗಾದರೆ ವಿಷಯವಾರು ಪುಸ್ತಕಗಳನ್ನು ಬಿಟ್ಟು ರೋಗವಾರು ಬರೆದಿಡಬೇಕೆ? ಹಾಗೆ ಮಾಡಹೋದ ಕೆಲವರನ್ನು ಬಲ್ಲೆವು. ಒಂದೇ ಸಂಗತಿಯನ್ನು ಹತ್ತು ಕಡೆ ನಕಲುಮಾಡಿ ಕೈಸೋತು, ದಸರೆಯ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಇದಕ್ಕೆ ಪರಿಹಾರವನ್ನು ಬೇರೆ ಕಸುಬಿನವರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದಾರೆ. ಅವರು ಗ್ರಂಥಪಾಲಕರು.

ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯಲ್ಲಿ, ಎಂಟನೆಯ ಮೈಲಿಯಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣವಿದೆ. ಗ್ರಂಥಾಲಯ ವಿಜ್ಞಾನದ ಪಿತಾಮಹರೆನ್ನಿಸಿಕೊಂಡ ಎಸ್. ಆರ್. ರಂಗನಾಥನ್ ಅವರು ೧೯೬೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ತರಬೇತಿಯ ಕೇಂದ್ರವು ಈಗ ಅಲ್ಲಿದೆ. ರಂಗನಾಥನ್ ಅವರು ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, ೧೯೨೪ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದವರು. ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು ೧೯೭೨ರಲ್ಲಿ ಇಲ್ಲಿಯೇ ತೀರಿಕೊಂಡರು. ಗ್ರಂಥಾಲಯಗಳಿಗೆ ಅವರು ೧೯೩೧ರಲ್ಲಿ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂಬುದು. ಐದನೆಯದು ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿಯೆಂಬುದು. ಇವೆರಡೂ ವಿದ್ಯಾರ್ಥಿನಿಯ ಕಡತಕ್ಕೆ ಅಕ್ಷರಶಃ ಸಲ್ಲುತ್ತವೆ. ಒಂದು ಪುಸ್ತಕವು ಬೀರುವಿನಲ್ಲಿ ಒಂದೇ ಜಾಗದಲ್ಲಿ ಇರಬಲ್ಲದು. ಆದರೆ ಅದರ ಹೆಸರಿನ ಚೀಟಿಯು ಸೂಚಿಯ ಪೆಟ್ಟಿಗೆಯಲ್ಲಿ ಎಷ್ಟು ಕಡೆ ಬೇಕಾದರೂ ಇರಬಹುದು: ಕರ್ತೃವಿನ ಹೆಸರಿನಲ್ಲಿ ಒಂದು, ವಿಷಯದ ಹೆಸರಿನಲ್ಲಿ ಎರಡು ಮೂರು. ಹಾಳೆಯನ್ನು ಅಲುಗಿಸಬೇಡಿ, ಅದರ ಹೆಸರನ್ನು ಅಲ್ಲಲ್ಲಿ ಬರೆಯಿರಿ. ನಾವು ಹೇಳಬೇಕಾದುದರ ತಿರುಳು ಇಷ್ಟೇ.

ಕೆಲಸದಲ್ಲಿ ಅದು ಹೀಗೆ ನಡೆಯುತ್ತದೆ. ಪ್ರತಿಯೊಂದು ವಿಷಯಕ್ಕೂ ಒಂದು ಗುರುತಿನ ಅಕ್ಷರ, ಪ್ರತಿಯೊಂದು ಹಾಳೆಗೂ ಒಂದು ಅಂಕಿ. ಔಷಧಶಾಸ್ತ್ರದ ಹದಿನಾಲ್ಕನೆಯ ಹಾಳೆ ಔ-೧೪. ಕೈಬರಹದ ಟಿಪ್ಪಣಿಯಾಗಲಿ ಅಧ್ಯಾಪಕರು ಕೊಟ್ಟ ಹಾಳೆಯಾಗಲಿ, ಒಂದೇ ಸಾಲಿನಲ್ಲಿ ಅಂಕಿ ಬೀಳಬೇಕು; ಎರಡಕ್ಕೂ ಬೇರೆ ಬೇರೆ ಕಡತ ಮಾಡಬಾರದು. ಆಮೇಲೆ ಪ್ರತ್ಯೇಕವಾಗಿ ಒಂದು ಗಟ್ಟಿ ರಟ್ಟಿನ ನೋಟುಪುಸ್ತಕ, ಅದೇ ಸೂಚಿ. ಅದರಲ್ಲಿ ಅಕಾರಾದಿಯಾಗಿ ಪುಟಗಳನ್ನು ಬಿಟ್ಟುಕೊಂಡು, ಮೂರು ಬಗೆಯ ತಲೆಬರಹಗಳಿಗೆ ಮಾತ್ರ ಜಾಗ ಕೊಡಬೇಕು: ರೋಗಿ ಹೇಳಿಕೊಳ್ಳುವ ಬಾಧೆ, ಔಷಧದ ಹೆಸರು, ನರ್ಸು ಕೈಯಿಂದ ಮಾಡಬೇಕಾದ ಕೆಲಸ. "ಊಟ ಸೇರದು" ಎಂಬ ತಲೆಬರಹದ ಕೆಳಗೆ ಔ-೧೪, ವ-೩೧ ಎಂದು ಅಂಕಿಗಳಷ್ಟೇ, ವಿವರಣೆ ಬೇಡ. ವಿವರಣೆ ಬರೆಯಹೊರಟರೆ ಸೂಚಿಯು ಮತ್ತೊಂದು ಟಿಪ್ಪಣಿಯ ಪುಸ್ತಕವಾಗಿ ಕುಳಿತುಬಿಡುತ್ತದೆ. ರಾತ್ರಿ ಹತ್ತು ನಿಮಿಷದ ಕೆಲಸ ಇದು. ಪಾಠವಾದ ದಿವಸವೇ ಮಾಡಬೇಕು. ಒಂದು ವಾರ ಕಳೆದರೆ ಆ ಹಾಳೆಯು ಯಾವ ಪ್ರಶ್ನೆಗೆ ಉತ್ತರವಾಗಿತ್ತೆಂಬುದೇ ಮರೆತುಹೋಗಿರುತ್ತದೆ.

ಹಾಳೆಗಳು ಬಿಡಿಯಾಗಿ, ತೂತುಮಾಡಿ ಬಳೆಯ ಕಡತದಲ್ಲಿ ಪೋಣಿಸಿದುವಾಗಿರಬೇಕು. ನಮ್ಮ ಹಿರಿಯರ ಓಲೆಗರಿಯ ಕಟ್ಟುಗಳ ಉಪಾಯವೂ ಇದೇ ತಾನೆ! ಗರಿಯಲ್ಲಿ ತೂತು, ತೂತಿನಲ್ಲಿ ದಾರ, ಗರಿಯ ಅಂಚಿನಲ್ಲಿ ಅಂಕಿ. ದಾರ ಕಡಿದುಹೋದರೂ ಅಂಕಿಯಿದ್ದರೆ ಗ್ರಂಥ ಉಳಿಯುತ್ತಿತ್ತು. ಈಗಿನ ಸ್ಪೈರಲ್ ಕಟ್ಟಿಗೆ ನಾವು ವಿರೋಧಿಗಳು. ವಿಜಯನಗರದ ಜೆರಾಕ್ಸ್ ಅಂಗಡಿಗಳಲ್ಲಿ ಹಿಂದಿನ ವರ್ಷದವರ ಟಿಪ್ಪಣಿಗಳನ್ನು ಇಡೀ ಸೆಮಿಸ್ಟರಿಗೆ ಒಂದೇ ಕಟ್ಟಾಗಿ ಕಟ್ಟಿಸಿಕೊಂಡು ಬಂದು, ಪಾಠವೆಲ್ಲ ತನ್ನ ವಶವಾಯಿತೆಂದು ನಂಬಿರುವವರುಂಟು. ಆ ಕಟ್ಟಿನ ನಡುವೆ ಒಂದು ಹೊಸ ಹಾಳೆಯನ್ನು ಸೇರಿಸುವಂತಿಲ್ಲ, ಹಳೆಯದೊಂದನ್ನು ತೆಗೆಯುವಂತಿಲ್ಲ. ಬೆಳೆಯಲಾರದ ಕಡತವು ಸತ್ತ ಕಡತ.

ಅಧ್ಯಾಪಕರು ಹಂಚುವ ಹಾಳೆಯ ವಿಚಾರದಲ್ಲಿ ನಮ್ಮ ಕಸುಬಿನವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಾಳೆಯನ್ನು ಹಂಚಿಬಿಟ್ಟರೆ ಕಲಿಸಿದಂತಾಯಿತೆಂದು ನಮಗೂ ಒಂದು ಭ್ರಮೆ. ಹಾಳೆಯು ಅಧ್ಯಾಪಕನ ಜ್ಞಾಪಕವೇ ಹೊರತು ವಿದ್ಯಾರ್ಥಿನಿಯದಲ್ಲ. ಅದನ್ನು ತನ್ನದಾಗಿ ಮಾಡಿಕೊಳ್ಳಲು ಒಂದೇ ಸುಂಕ: ಹಾಳೆಯನ್ನು ಮಗುಚಿ ಹಾಕಿ, ಅದರಲ್ಲಿ ಏನಿತ್ತೆಂಬುದನ್ನು ಬೆನ್ನಿನ ಮೇಲೆ ತನ್ನ ಮಾತಿನಲ್ಲಿ ಮೂರು ಸಾಲು ಬರೆಯುವುದು, ಬರೆದ ಮೇಲೆ ತಿರುಗಿಸಿ ನೋಡುವುದು. ಇದು ಹಳೆಯ ಕಾಲದ ಮೇಷ್ಟರ ಹಟವೆಂದು ತಿಳಿಯಬಾರದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಬಾಯಿಪಾಠ ಮಾಡಿದುದರ ಬಹುಭಾಗವು ಒಂದು ದಿನದೊಳಗೆ ಜಾರಿಹೋಗುತ್ತದೆಂದು ೧೮೮೫ರಲ್ಲಿಯೇ ತೋರಿಸಿದ್ದನು. ೨೦೦೬ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬುವರು ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಇನ್ನೊಂದು ಗುಂಪಿಗೆ ಓದಿದ್ದನ್ನು ನೆನೆದು ಬರೆಯಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮೇಲಾದರು. ಒಂದು ವಾರದ ಬಳಿಕ ಕೇಳಿದಾಗ ನೆನೆದು ಬರೆದವರು ಅವರನ್ನು ಹಿಂದೆ ಹಾಕಿದರು. ಆಸ್ಪತ್ರೆಯಲ್ಲಿ ಬೇಕಾದದ್ದು ಐದು ನಿಮಿಷದ ಜ್ಞಾಪಕವಲ್ಲ.

ಇನ್ನು ಭಾಷೆಯ ಮಾತು. ಈ ವಿಷಯದಲ್ಲಿ ಇಂಗ್ಲಿಷ್ ಅಧ್ಯಾಪಕರಾದ ನಮ್ಮ ಅಭಿಪ್ರಾಯವು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಪರೀಕ್ಷೆ ಇಂಗ್ಲಿಷಿನಲ್ಲಿದೆ, ಆದುದರಿಂದ ಟಿಪ್ಪಣಿಯೂ ಪೂರ್ತಿ ಇಂಗ್ಲಿಷಿನಲ್ಲಿಯೇ ಇರತಕ್ಕದ್ದೆಂದು ಹುಡುಗಿಯರಿಗೆ ಹೇಳುವವರು ಬಹಳ. ಕನ್ನಡದಲ್ಲಿ ಓದಿ ಬಂದವಳು ಆ ಮಾತನ್ನು ನಂಬಿ, ಅರ್ಥವಾಗದ ವಾಕ್ಯಗಳನ್ನು ಅಂದವಾದ ಅಕ್ಷರಗಳಲ್ಲಿ ನಕಲುಮಾಡಿಕೊಂಡು ಕೂರುತ್ತಾಳೆ. ಕಾರಣವನ್ನು ತಿಳಿಯುವುದು ಯಾವ ಭಾಷೆಯಲ್ಲಿ ಸುಲಭವೋ ಆ ಭಾಷೆಯಲ್ಲಿ ಬರೆದುಕೊಳ್ಳಲಿ. ನೀರು ಹೋದರೆ ಪೊಟ್ಯಾಸಿಯಂ ಹೋಗುತ್ತದೆ, ಅದು ಹೋದರೆ ಡಿಗಾಕ್ಸಿನ್ ಮೈಮೇಲೆ ಬರುತ್ತದೆ ಎಂದು ಕನ್ನಡದಲ್ಲಿ ಬರೆದುಕೊಂಡವಳು ಅದನ್ನು ಇಂಗ್ಲಿಷಿನಲ್ಲಿ ಹೇಳಲು ಆಮೇಲೆ ಕಲಿಯಬಲ್ಲಳು. ತಿಳಿಯದೆ ಬರೆದವಳು ಎರಡರಲ್ಲಿಯೂ ಹೇಳಲಾರಳು. ಆದರೆ ಔಷಧದ ಹೆಸರು, ಅದರ ಅಳತೆ, ಅಳತೆಯ ಮಾನ, ಈ ಮೂರನ್ನು ಮಾತ್ರ ಇಂಗ್ಲಿಷಿನಲ್ಲಿಯೇ, ಬಿಡಿ ಅಕ್ಷರಗಳಲ್ಲಿ, ಸಂಕ್ಷೇಪವಿಲ್ಲದೆ ಬರೆಯಬೇಕು. ಡೋಪಮಿನ್, ಡೋಬ್ಯುಟಮಿನ್ ಎಂಬ ಎರಡು ಬೇರೆ ಬೇರೆ ಔಷಧಗಳಿವೆ. ಅವಸರದ ಕೈಬರಹದಲ್ಲಿ ಇವು ಎಷ್ಟು ಹತ್ತಿರವಾಗುವುವೆಂಬುದನ್ನು ಬರೆದೇ ನೋಡಬಹುದು.

ಇದಕ್ಕಿಂತ ಹೆಚ್ಚಾಗಿ ಕನ್ನಡವು ಬೇಕಾಗುವ ಇನ್ನೊಂದು ಸ್ಥಳವುಂಟು, ಅದು ಸೂಚಿಯ ತಲೆಬರಹ. ಪುಸ್ತಕದಲ್ಲಿ ಡಿಸ್ಪ್ನಿಯಾ ಎಂದಿರುತ್ತದೆ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಂಥ ಕಡೆ ಕಾರ್ಖಾನೆಯ ಕೆಲಸಗಾರನು ಬಂದು "ದಮ್ಮು ಕಟ್ಟುತ್ತೆ" ಎನ್ನುತ್ತಾನೆ, ಅವನ ತಾಯಿ "ಮೇಲುಸಿರು" ಎನ್ನುತ್ತಾಳೆ. ಕೈಕಾಲು ಜೋಮು ಹಿಡಿಯುವುದು, ಕಣ್ಣು ಮಂಜಾಗುವುದು, ಹೊಟ್ಟೆ ತೊಳಸುವುದು, ತಲೆ ಧಿಮ್ಮೆನ್ನುವುದು, ಇವು ಯಾವ ಹ್ಯಾಂಡೌಟಿನಲ್ಲಿಯೂ ಇಲ್ಲ. ಇವನ್ನು ವಾರ್ಡಿನಲ್ಲಿ ಕೇಳಿದ ಹಾಗೆಯೇ ತಂದು ಸೂಚಿಯಲ್ಲಿ ಬರೆದು, ಎದುರಿಗೆ ಹಾಳೆಯ ಅಂಕಿಯನ್ನು ಹಾಕಬೇಕು. ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಮೋಸದ ಮಾತು "ಗ್ಯಾಸ್ಟ್ರಿಕ್" ಎಂಬುದು. ಹುಳಿತೇಗಿಗೂ ಅದೇ, ಹೊಟ್ಟೆಯುಬ್ಬರಕ್ಕೂ ಅದೇ. ಹೃದಯಾಘಾತವಾಗಿ ಎದೆ ಹಿಂಡಿ ಬೆವರು ಕಿತ್ತುಬರುತ್ತಿರುವಾಗಲೂ "ಏನಿಲ್ಲ, ಸ್ವಲ್ಪ ಗ್ಯಾಸ್ಟ್ರಿಕ್" ಎಂದೇ ಹೇಳಿಕೊಂಡು ಆಟೋವಿನಿಂದ ಇಳಿಯುತ್ತಾರೆ. ಸೂಚಿಯಲ್ಲಿ ಆ ಶಬ್ದದ ಕೆಳಗೆ ಜಠರದ ಹಾಳೆಯ ಅಂಕಿಯೊಡನೆ ಹೃದಯದ ಹಾಳೆಯ ಅಂಕಿಯೂ ಇರಬೇಕು, ಅದೇ ಮೊದಲಿರಬೇಕು. ನಮ್ಮ ಮಹಡಿಯ ಎರಡನೆಯ ಹುಡುಗಿ ಕೇರಳದವಳು. ಕನ್ನಡವನ್ನು ಅವಳು ಕಲಿತದ್ದೇ ಈ ತಲೆಬರಹಗಳಿಂದ.

ಟಿಪ್ಪಣಿಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟುಕೊಂಡವರಿಗೆ ಬರುವ ಅಪಾಯವೊಂದಿದೆ. ಜೋಡಿಸಿದ್ದನ್ನು ನಂಬಿಬಿಡುತ್ತಾರೆ. ಇನ್ಸುಲಿನ್ನಿನ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಪರದೇಶದ ಪಠ್ಯಪುಸ್ತಕಗಳಿಂದ ಪ್ರತಿಮಾಡಿದ ಹಾಳೆಗಳಲ್ಲಿ ಒಂದು ಮಿಲಿಲೀಟರಿಗೆ ೧೦೦ ಯೂನಿಟ್ ಎಂದಿರುತ್ತದೆ. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಬಹುಮಟ್ಟಿಗೆ ಮಿಲಿಲೀಟರಿಗೆ ೪೦ ಯೂನಿಟ್ಟಿನದು. ಪೆನ್ನಿನ ಕೊಳವೆಗಳಲ್ಲಿ ಬರುವುದು ೧೦೦ರದು. ಸಿರಿಂಜುಗಳೂ ಬೇರೆ: ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆಯ ಬಣ್ಣದ ಮುಚ್ಚಳ. ೨೦ ಯೂನಿಟ್ ಕೊಡಬೇಕಾದಲ್ಲಿ ಕೆಂಪು ಮುಚ್ಚಳದ ಸಿರಿಂಜಿನ ೨೦ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್ ಬರುತ್ತದೆ. ಅದೇ ಸಿರಿಂಜಿನಿಂದ ೧೦೦ರ ಔಷಧವನ್ನು ಅಷ್ಟೇ ಎಳೆದರೆ ರೋಗಿಯ ಮೈಗೆ ಹೋಗುವುದು ೫೦ ಯೂನಿಟ್, ಎಂದರೆ ಎರಡೂವರೆಯಷ್ಟು. ಲೆಕ್ಕದಲ್ಲಿ ತಪ್ಪಿಲ್ಲ, ಕೈಯಲ್ಲಿ ತಪ್ಪಿಲ್ಲ. ಹಾಳೆ ಬೇರೆ ದೇಶದ್ದು, ಅಷ್ಟೇ. ಯೂನಿಟ್ ಎಂಬುದನ್ನು ಒಂದೇ ಇಂಗ್ಲಿಷ್ ಅಕ್ಷರವಾಗಿ ಮೊಟಕುಮಾಡಿ ಬರೆಯುವುದೂ ಹೀಗೆಯೇ ಪ್ರಾಣಾಂತಿಕ. ಆ ಅಕ್ಷರದ ಬಾಯಿ ಸ್ವಲ್ಪ ಮುಚ್ಚಿಕೊಂಡರೆ ಸೊನ್ನೆಯಾಗಿ, ಹತ್ತು ನೂರಾಗಿ ಕಾಣುತ್ತದೆ.

ಆದುದರಿಂದ ಪ್ರತಿ ಹಾಳೆಯ ತಲೆಯ ಮೇಲೂ ಎರಡು ವಿವರಗಳು ಇರಲೇಬೇಕು: ಬರೆದ ದಿನಾಂಕ, ಎಲ್ಲಿಂದ ಬಂದದ್ದೆಂಬುದು. ದಿನಾಂಕವಿಲ್ಲದ ಹಾಳೆಯನ್ನು ನಾವಾದರೆ ಹರಿದೇ ಹಾಕುತ್ತೇವೆ. ಉಸಿರು ನಿಂತವನನ್ನು ಬದುಕಿಸುವ ಕ್ರಮದಲ್ಲಿ ಮೊದಲು ಶ್ವಾಸಮಾರ್ಗವನ್ನು ತೆರೆಯುವುದು, ಆಮೇಲೆ ಉಸಿರು ಕೊಡುವುದು, ಬಳಿಕ ಎದೆಯನ್ನು ಒತ್ತುವುದು ಎಂದು ಬಹುಕಾಲ ಕಲಿಸುತ್ತಿದ್ದರು. ೨೦೧೦ರಲ್ಲಿ ಅಮೆರಿಕದ ಹೃದಯ ಸಂಘವು ಈ ಕ್ರಮವನ್ನು ಬದಲಾಯಿಸಿ ಎದೆಯೊತ್ತುವುದನ್ನೇ ಮೊದಲಿಗೆ ತಂದಿತು. ಅದಕ್ಕೆ ಹಿಂದಿನ ಟಿಪ್ಪಣಿಯ ಪ್ರತಿಗಳು ಅಕ್ಕನಿಂದ ತಂಗಿಗೆ, ತಂಗಿಯಿಂದ ಅಂಗಡಿಗೆ ಇಳಿದುಬಂದರೆ, ಅವುಗಳ ಮೇಲೆ ವರ್ಷವಿಲ್ಲದಿದ್ದಲ್ಲಿ ಹೊಸದಾವುದು ಹಳೆಯದಾವುದು ಎಂದು ಕಾಗದವೇನು ಬಾಯಿಬಿಟ್ಟು ಹೇಳುವುದೇ? ಔಷಧದ ಪ್ರಮಾಣದ ವಿಷಯದಲ್ಲಂತೂ ಟಿಪ್ಪಣಿಯು ಪ್ರಮಾಣವೇ ಅಲ್ಲ. ವೈದ್ಯರ ಆದೇಶ, ಸೀಸೆಯ ಮೇಲಣ ಚೀಟಿ, ಸಂದೇಹ ಬಂದರೆ ಹಿರಿಯ ನರ್ಸು. ಕಡತವು ಕಾರಣವನ್ನು ತಿಳಿಯುವುದಕ್ಕೆ ಮಾತ್ರ.

ದಿನಾಂಕ ಹಾಕಿ ಬರೆದಿಟ್ಟ ಟಿಪ್ಪಣಿಯಿಂದ ಏನಾಗಬಹುದೆಂಬುದಕ್ಕೆ ಅದೇ ಮುದುಕರ ಮಾತ್ರೆಯ ಚರಿತ್ರೆಯೇ ಸಾಕ್ಷಿ. ಡಿಗಾಕ್ಸಿನ್ ದೊರೆಯುವುದು ಫಾಕ್ಸ್‌ಗ್ಲೋವ್ ಜಾತಿಯ ಹೂಗಿಡದಿಂದ. ಆ ಗಿಡದ ಗುಣವನ್ನು ಪರೀಕ್ಷಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ತನ್ನ ರೋಗಿಗಳ ವೃತ್ತಾಂತಗಳನ್ನು ವರ್ಷಾನುಕ್ರಮವಾಗಿ ಬರೆದಿಟ್ಟು ೧೭೮೫ರಲ್ಲಿ ಪ್ರಕಟಿಸಿದನು, ಗುಣವಾದವರದನ್ನೂ, ಗುಣವಾಗದವರದನ್ನೂ. ವಾಕರಿಕೆ, ಹಳದಿ ಹಸಿರಾಗಿ ಕಾಣುವ ಕಣ್ಣು, ಬಹಳ ಇಳಿದುಹೋದ ನಾಡಿ, ಎಲ್ಲವೂ ಅವನ ಬರಹದಲ್ಲಿದೆ. ನಮ್ಮ ಹುಡುಗಿಯ ಔ-೧೪ನೆಯ ಹಾಳೆ ಅಲ್ಲಿಂದ ಇಳಿದುಬಂದದ್ದು. ಹಾಗೆಯೇ ಫ್ಲಾರೆನ್ಸ್ ನೈಟಿಂಗೇಲರ ಹೆಸರಿನಲ್ಲಿ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ಶಾಲೆಯಲ್ಲಿ ವಿದ್ಯಾರ್ಥಿನಿಯರು ಪಾಠದ ಟಿಪ್ಪಣಿಯನ್ನೂ ವಾರ್ಡಿನ ದಿನಚರಿಯನ್ನೂ ಬರೆದು ತೋರಿಸಬೇಕಾಗಿತ್ತು. ತಾನು ಎದುರಿಗಿರುವಾಗ ನಡೆಯುವ ಕೆಲಸವು ತಾನು ಇಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದವಳು ಎಷ್ಟು ಒಳ್ಳೆಯ ಶುಶ್ರೂಷೆ ಮಾಡಿದರೂ ವ್ಯರ್ಥವೆಂಬುದು ನೈಟಿಂಗೇಲರ ಅಭಿಪ್ರಾಯವಾಗಿತ್ತು. ಪಾಳಿ ಬದಲಾಗುವಾಗ ನರ್ಸು ಬರೆದುಬಿಟ್ಟುಹೋಗುವ ಹಾಳೆ ಅಂಥ ಏರ್ಪಾಡು. ತರಗತಿಯಲ್ಲಿ ದಿನಾಂಕ ಹಾಕದವಳು ಅಲ್ಲಿ ಗಂಟೆಯನ್ನು ಹಾಕುವುದೂ ಸಂದೇಹ.

ಮೊಬೈಲಿನ ಮಾತನ್ನು ಹೇಳದೆ ಬಿಟ್ಟರೆ ನಮ್ಮನ್ನು ಓಲೆಗರಿಯ ಕಾಲದವರೆಂದು ಹುಡುಗಿಯರು ನಕ್ಕಾರು. ಹಲಗೆಯ ಚಿತ್ರವನ್ನು ತೆಗೆದುಕೊಳ್ಳುವುದರಲ್ಲಿ ದೋಷವಿಲ್ಲ. ತೆಗೆದ ದಿವಸವೇ ಅದಕ್ಕೂ ಔ-೧೫ ಎಂದು ಹೆಸರಿಡುವುದಾದರೆ ಸರಿ, ಇಲ್ಲವಾದರೆ ಅದು ಹಬ್ಬದ ಚಿತ್ರಗಳ ನಡುವೆ ಹೂತುಹೋಯಿತೆಂದೇ ಲೆಕ್ಕ. ವಾಟ್ಸಾಪಿನ ಗುಂಪಿನಲ್ಲಿ ಬಂದುಬೀಳುವ ಕಡತಗಳಿಗೂ ಇದೇ ನಿಯಮ. ಆದರೆ ಒಂದು ವಿಷಯದಲ್ಲಿ ಕಠಿಣವಾಗಿ ಹೇಳಬೇಕಾಗಿದೆ. ರೋಗಿಯ ಹೆಸರು, ಹಾಸಿಗೆಯ ಸಂಖ್ಯೆ, ಆಸ್ಪತ್ರೆಯ ಚೀಟಿಯ ಚಿತ್ರ, ಇವು ವಿದ್ಯಾರ್ಥಿನಿಯ ಟಿಪ್ಪಣಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಇರಕೂಡದು. "೭೦ ವರ್ಷದ ಪುರುಷ, ಹೃದಯದ ದೌರ್ಬಲ್ಯ" ಎಂದರೆ ಕಲಿಯುವುದಕ್ಕೆ ಸಾಕು. ತಾನು ಮೂ-೧೯ರ ಜೊತೆಗೆ ಯಾರದೋ ಮನೆಯ ಗುಟ್ಟನ್ನೂ ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಇಡುತ್ತಿದ್ದೇನೆಂಬ ಅರಿವು ಎಷ್ಟೋ ಮಂದಿಗೆ ಇಲ್ಲ.

ನಮ್ಮ ಮಹಡಿಯ ಹುಡುಗಿ ಆ ಸಂಜೆಯ ಬಳಿಕ ಮೂರು ಭಾನುವಾರಗಳನ್ನು ಇದಕ್ಕೇ ಕಳೆದಳು. ಒಂದನ್ನು ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ, ಮನೆಯಲ್ಲಿ ಮೇಜು ಸಾಲದೆಂದು. ಸೂಚಿಯ ಮೊದಲನೆಯ ತಲೆಬರಹ "ಊಟ ಸೇರದು". ಆರನೆಯ ಸೆಮಿಸ್ಟರಿನ ಹೊತ್ತಿಗೆ ಆ ನೋಟುಪುಸ್ತಕದ ರಟ್ಟು ಸಡಿಲವಾಗಿ, ನಮ್ಮ ಮನೆಯಲ್ಲಿ ಅಂಟು ಹಾಕಿಸಿಕೊಂಡಳು. ಎಂಟನೆಯ ಸೆಮಿಸ್ಟರಿನಲ್ಲಿ ತರಗತಿಗಳು ಮುಗಿದು ಆಸ್ಪತ್ರೆಯ ಕೆಲಸವೇ ಪೂರ್ತಿಯಾದಾಗ, ಕಿರಿಯ ವಿದ್ಯಾರ್ಥಿನಿಯೊಬ್ಬಳು ಬಂದು ಕಡತಗಳನ್ನೂ ಸೂಚಿಯನ್ನೂ ಪ್ರತಿ ತೆಗೆಯಲು ಕೇಳಿದಳು. ಹುಡುಗಿ ಕಡತಗಳನ್ನೆಲ್ಲ ಎತ್ತಿಕೊಟ್ಟಳು, ೨೦೧೦ಕ್ಕೆ ಮುಂಚಿನ ಎರಡು ಹಾಳೆಗಳನ್ನು ಮಾತ್ರ ಬಳೆಯಿಂದ ಬಿಡಿಸಿ ತೆಗೆದಿಟ್ಟು. ಸೂಚಿಯನ್ನು ಕೊಡಲಿಲ್ಲ. ಅದರ ಬದಲಿಗೆ ಮೂಲೆಯ ಅಂಗಡಿಯಿಂದ ಅಂಥದೇ ಒಂದು ಖಾಲಿ ನೋಟುಪುಸ್ತಕವನ್ನು ತಂದುಕೊಟ್ಟಳು.